ಸಂತನ ಮೂಲೆಯ ಸಬ್‌ವೂಫರ್

ವುಕಾಶಿನ್‌ನ ಸಂಕಟವೆಲ್ಲ ಶುರುವಾದದ್ದು ಅವನ ಕೂಮ ರಾದಿಶನ ಮನೆಯ ಸೋಫಾದಲ್ಲಿ. ಕೂಮ ಎಂದರೆ ಮದುವೆಗೆ ಸಾಕ್ಷಿ ನಿಂತವನು; ಆಮೇಲೆ ಇಬ್ಬರೂ ಒಬ್ಬರನ್ನೊಬ್ಬರು ಹಾಗೇ ಕರೆಯುತ್ತಾರೆ. ನೆಂಟನಿಗಿಂತ ಹೆಚ್ಚು, ಶತ್ರುವಿಗಿಂತ ಕೂದಲೆಳೆಯಷ್ಟು ಕಡಿಮೆ. ರಾದಿಶನ ಮನೆಯಲ್ಲಿ ಸಿನಿಮಾದ ಸಿಡಿಲು ಹೊಡೆದರೆ ಕುಳಿತವರ ಹಲ್ಲು ಅದುರುತ್ತಿತ್ತು. ಅದೇ ಸಿಡಿಲು ವುಕಾಶಿನ್‌ನ ಮನೆಯಲ್ಲಿ ಹೊಡೆದರೆ ಅಡುಗೆಮನೆಯಲ್ಲಿ ಯಾರೋ ಚಮಚ ಬೀಳಿಸಿದ ಹಾಗೆ ಕೇಳುತ್ತಿತ್ತು. ಮನೆತನದ ಸಂತ ನಿಕೋಲಾನ ಸ್ಲಾವ ಹಬ್ಬಕ್ಕೆ ಕೂಮ ಹೇಗೂ ಬರುತ್ತಾನೆ. ಅಂದು ಅವನ ಹಲ್ಲು ಅದುರಿಸಿಯೇ ಸಿದ್ಧ ಎಂದು ವುಕಾಶಿನ್ ಪಣ ತೊಟ್ಟ.

ಅಂಗಡಿಯಲ್ಲಿ ನೋಡಿದರೆ ಬೇಸ್ ಎಂಬ ತಗ್ಗುದನಿಯನ್ನು ಗುಡುಗಿಸುವ ಸ್ಪೀಕರ್ ಪೆಟ್ಟಿಗೆಗಳಲ್ಲಿ, ಅಂದರೆ ಸಬ್‌ವೂಫರ್‌ಗಳಲ್ಲೂ, ಎರಡು ಜಾತಿ. ಒಂದು ಎಲ್ಲ ಕಡೆ ಮುಚ್ಚಿದ್ದು. ಸಂಗೀತಕ್ಕೆ ಹೇಳಿ ಮಾಡಿಸಿದ್ದು, ಸ್ವರ ಎಲ್ಲಿ ನಿಲ್ಲಬೇಕೋ ಅಲ್ಲೇ ನಿಲ್ಲುತ್ತದೆ. ಇನ್ನೊಂದಕ್ಕೆ ಬೆನ್ನಿನಲ್ಲಿ ತೂತು. ಅದು ಬುಸ್ಸೆಂದು ಉಸಿರು ಬಿಡುತ್ತ ಗರ್ಜಿಸುತ್ತದೆ.

ಹೆಂಡತಿ ದೆಸಾಂಕಾ ಚರ್ಚಿನ ಗಾಯನ ತಂಡದಲ್ಲಿ ಹಾಡುವವಳು. “ಮುಚ್ಚಿದ್ದನ್ನೇ ತಗೋ. ನಮ್ಮ ತಂಡದ ಹಾಡು ಅದರಲ್ಲಿ ಎಷ್ಟು ಚೆನ್ನಾಗಿ ಕೇಳಿಸ್ತು!”

“ಸಂಗೀತ ಒಂದಕ್ಕೇ ಆದ್ರೆ ಸಾಕಾ? ಸಿನಿಮಾಕ್ಕೂ ಬೇಕು, ನನ್ನ ಟ್ಯಾಂಕ್ ಯುದ್ಧದ ವಿಡಿಯೋ ಆಟಕ್ಕೂ ಬೇಕು. ಅದಕ್ಕೆ ಉಸಿರೇ ಇಲ್ಲ ಕಣೇ.”

“ಈ ವಯಸ್ಸಲ್ಲಿ ಮೆಟ್ಟಿಲು ಹತ್ತೋಕೆ ನಿನಗೇ ಉಸಿರಿಲ್ಲ. ಟ್ಯಾಂಕು ಬೇರೆ ಕೇಡು.”

ವಾದದಲ್ಲಿ ದೆಸಾಂಕಾ ಗೆದ್ದಳು. ಮನೆಗೆ ಬಂದದ್ದು ಮಾತ್ರ ತೂತಿನದು.

ಅದನ್ನು ಎಲ್ಲಿಡಬೇಕೆಂದು ಪತ್ತೆ ಹಚ್ಚುವುದಕ್ಕೂ ಒಂದು ಶಾಸ್ತ್ರವಿದೆ. ನಾವು ಕೂರುವ ಜಾಗದಲ್ಲಿ ಪೆಟ್ಟಿಗೆಯನ್ನು ಕೂರಿಸಿ, ಪೆಟ್ಟಿಗೆ ಇರಬಹುದಾದ ಜಾಗಗಳಲ್ಲೆಲ್ಲ ನಾವು ಅಂಬೆಗಾಲಿಡಬೇಕು. ಎಲ್ಲಿ ಗುಂಯ್‌ಗುಡುವುದು ಸೊಗಸಾಗಿ ಕೇಳುತ್ತದೋ ಅಲ್ಲೇ ಅದರ ಸ್ಥಾನ. (ಇದು ವುಕಾಶಿನ್‌ನ ಕಲ್ಪನೆಯಲ್ಲ, ಬಲ್ಲವರೆಲ್ಲ ಹೀಗೇ ಮಾಡುತ್ತಾರೆ, ಆದರೆ ಬಾಗಿಲು ಹಾಕಿಕೊಂಡು.) ತಾಯಿ ಸ್ತಾನಿಯಾ ಒಳಗೆ ಬಂದಾಗ ಸೋಫಾದ ಮೇಲೆ ಒಂದು ಕರಿಯ ಪೆಟ್ಟಿಗೆ ಮಹಾರಾಜನಂತೆ ಕುಳಿತಿತ್ತು, ಮಗ ನೆಲಕ್ಕೆ ಕಿವಿಗೊಟ್ಟು ತೆವಳುತ್ತಿದ್ದ.

“ಏನು ಕಳ್ಕೊಂಡ್ಯೋ?”

“ಬೇಸ್ ಹುಡುಕ್ತಿದೀನಿ ಅಮ್ಮ.”

“ಸಿಕ್ಕಿದ್ಮೇಲೆ ಹಾಗೇ ಸೋಫಾ ಕೆಳಗೂ ಒರೆಸಿಬಿಡು.”

ಬೇಸ್ ಸಿಕ್ಕಿತು. ಎಲ್ಲಿ? ಪೂರ್ವದ ಮೂಲೆಯಲ್ಲಿ, ಸಂತ ನಿಕೋಲಾನ ಪಟದ ಕೆಳಗೆ ಸರಿಯಾಗಿ! ಅಮ್ಮ ಆ ಮೂಲೆಯಲ್ಲಿ ಒಂದು ಹೂದಾನಿ ಇಡಲೂ ಬಿಟ್ಟವಳಲ್ಲ. ಇಲ್ಲಿಡಬಹುದೇ ಎಂದು ವುಕಾಶಿನ್ ತೊದಲುತ್ತ ಕೇಳಿದ. ಸ್ತಾನಿಯಾ ಪೆಟ್ಟಿಗೆಯ ಎತ್ತರ ನೋಡಿದಳು, ಅಗಲ ನೋಡಿದಳು, ಮೇಲ್ಭಾಗವನ್ನು ಅಂಗೈಯಿಂದ ಸವರಿದಳು.

“ಇಡಪ್ಪ,” ಎಂದಳು.

ಅಷ್ಟು ಸುಲಭವಾಗಿ ಒಪ್ಪಿದ್ದು ಯಾಕೆ ಎಂದು ಬೇರೆ ಯಾರಾದರೂ ಯೋಚಿಸುತ್ತಿದ್ದರು. ವುಕಾಶಿನ್ ಅಮ್ಮನ ಕೈಗೆ ಮುತ್ತಿಟ್ಟ.

ಹಬ್ಬದ ಬೆಳಿಗ್ಗೆ ಎದ್ದು ಬಂದರೆ ಸಬ್‌ವೂಫರ್ ಕಸೂತಿ ಹಾಕಿದ ಬಿಳಿಬಟ್ಟೆ ಉಟ್ಟು ನಿಂತಿದೆ! ಮೇಲೆ ಹಬ್ಬದ ರೊಟ್ಟಿ, ವೈನ್, ನಡುವೆ ಸಂತನ ಮೇಣದಬತ್ತಿ.

“ಈ ಮೂಲೆಗೊಂದು ಮೇಜು ತಂದ್ಕೊಡೋ ಅಂತ ಎಷ್ಟು ವರ್ಷದಿಂದ ಬಡ್ಕೊಂಡೆ,” ಸ್ತಾನಿಯಾ ಕಣ್ಣೊರೆಸಿಕೊಂಡಳು. “ಕೊನೆಗೂ ದೇವರು ನಿನಗೆ ಬುದ್ಧಿ ಕೊಟ್ಟ.”

ಆ ಬತ್ತಿ ಅಂತಿಂಥದಲ್ಲ. ಸಂಜೆ ಮನೆಯ ಯಜಮಾನ ವೈನ್ ಹನಿಸಿ ಆರಿಸುವವರೆಗೆ ಅದು ಉರಿಯಲೇಬೇಕು. ನಡುವೆ ಆರಿದರೆ ಮನೆಗೆ ಅಪಶಕುನ.

ಮೀನು, ಹುರುಳಿಕಾಯಿ ಬೀಜದ ಪಲ್ಯ, ಮೂರು ಸುತ್ತು ರಾಕಿಯಾ ಸಾರಾಯಿ ಮುಗಿದವು. ಉಳಿದ ಅತಿಥಿಗಳು ಹೋದರು. ಬತ್ತಿ ಗೇಣುದ್ದಕ್ಕೆ ಇಳಿದಿತ್ತು. ರಾದಿಶ ಮಾತ್ರ ಏಳಲಿಲ್ಲ.

“ಎಲ್ಲಿ ಕೂಮಾ ನಿನ್ನ ರಾಕ್ಷಸ? ಓಹೋ, ಲಂಗ ಉಟ್ಕೊಂಡಿದ್ಯಲ್ಲ ಅದಾ? ಪಾಪ, ನಾಚಿಕೆ ಸ್ವಭಾವ ಇರ್ಬೇಕು.”

ವುಕಾಶಿನ್‌ಗೆ ನಖಶಿಖಾಂತ ಉರಿಯಿತು. ಅಮ್ಮ ಕಾಫಿ ತರಲು ಒಳಗೆ ಹೋಗಿದ್ದಳು. ಒಂದೇ ಒಂದು ಸಿಡಿಲು, ಒಂದೇ ಒಂದು!

“ಬೇಡ,” ಎಂದಳು ದೆಸಾಂಕಾ. ಅಷ್ಟರಲ್ಲಿ ಅವನು ರಿಮೋಟಿನ ಗುಂಡಿ ಒತ್ತಿಯಾಗಿತ್ತು.

ಧಡಂ! ರಾದಿಶನ ಹಲ್ಲು ನಿಜಕ್ಕೂ ಅದುರಿತು. ವುಕಾಶಿನ್ ಗೆದ್ದ. ಆ ಗೆಲುವು ಒಂದು ಸಿಡಿಲಿನಷ್ಟೇ ಹೊತ್ತು ಬಾಳಿತು. ತೂತಿನಿಂದ ನುಗ್ಗಿದ ಗಾಳಿ ಗೋಡೆಗೆ ಬಡಿದು ಮೇಲೇರಿತು, ಕಸೂತಿ ಬಟ್ಟೆ ಪಟಪಟನೆ ಹಾರಿತು, ಬತ್ತಿ ಆರಿ ಸಣ್ಣಗೆ ಹೊಗೆಯಾಡಿತು.

ಬಾಗಿಲಲ್ಲಿ ಕಾಫಿ ತಟ್ಟೆ ಹಿಡಿದು ಸ್ತಾನಿಯಾ ನಿಂತಿದ್ದಳು. “ಯಾರು ಆರಿಸಿದ್ದು?”

ಮದುವೆಯಲ್ಲಿ ಸಾಕ್ಷಿ ನಿಂತ ಕೂಮ ಇಲ್ಲೂ ಸಾಕ್ಷಿಯಾದ. ಬೆರಳು ನೇರವಾಗಿ ವುಕಾಶಿನ್‌ನನ್ನು ತೋರಿಸಿತು.

“ಮುಚ್ಚಿದ್ದನ್ನ ತಗೋ ಅಂತ ಬಡ್ಕೊಂಡೆ ಅತ್ತೆ,” ಎಂದಳು ದೆಸಾಂಕಾ.

ಸ್ತಾನಿಯಾ ಶಿಲುಬೆಯ ಗುರುತು ಹಾಕಿಕೊಂಡು ಬತ್ತಿ ಹಚ್ಚಿದಳು. ಪೆಟ್ಟಿಗೆಯ ಸುತ್ತ ಬಂದು ಬೆನ್ನಿನ ತೂತಿಗೆ ಕೈ ಹಾಕಿ ನೋಡಿದಳು. “ಮೇಜೇನೋ ಸರಿಯಾಗಿದೆ. ಬಾಯಿ ಜೋರು. ಎಲ್ಲಿ, ಕಾಲೆತ್ತು.”

“ಅಮ್ಮ, ಕೂಮನ ಮುಂದೆ...”

“ಎತ್ತೋ!”

ತಾನೇ ಹೆಣೆದುಕೊಟ್ಟಿದ್ದ ದಪ್ಪ ಉಣ್ಣೆಯ ಕಾಲುಚೀಲಗಳನ್ನು ಮಗನ ಕಾಲಿನಿಂದ ಎಳೆದು, ಎರಡನ್ನೂ ಉಂಡೆ ಕಟ್ಟಿ ತೂತಿಗೆ ತುರುಕಿದಳು. ದೆಸಾಂಕಾ ತನ್ನ ತಂಡದ ಹಾಡು ಹಾಕಿದಳು. ಬತ್ತಿ ಅಲುಗಲಿಲ್ಲ. ಗಂಡುದನಿಗಳು ಒಂದೊಂದೂ ಬಿಡಿಬಿಡಿಯಾಗಿ, ತುಂಬಿ ಬಂದವು. ಅಂಗಡಿಯಲ್ಲಿ ಕೇಳಿದ ಮುಚ್ಚಿದ ಪೆಟ್ಟಿಗೆಯದೇ ನಾದ.

“ಭಲೇ ಕೂಮಾ!” ರಾದಿಶ ಕಣ್ಣು ಮುಚ್ಚಿ ತಲೆದೂಗಿದ. “ನಾನೂ ನನ್ನದನ್ನ ಮಾರಿ ಮುಚ್ಚಿದ್ದೇ ತಗೋತೀನಿ. ಆಯ್ಕೆ ಅಂದ್ರೆ ನಿನ್ನದಲ್ಲ, ದೆಸಾಂಕಾಳದು.”

ಕಾಲುಚೀಲ ತೆಗೆಯಕೂಡದೆಂದು ಸ್ತಾನಿಯಾ ಕಟ್ಟಪ್ಪಣೆ ಮಾಡಿದಳು. ಆ ಚಳಿಗಾಲವಿಡೀ ವುಕಾಶಿನ್ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಬರಿಗಾಲಿನಲ್ಲಿ ಟ್ಯಾಂಕ್ ಓಡಿಸಿದ. ಹಲ್ಲು ಮಾತ್ರ ಚೆನ್ನಾಗಿ ಅದುರುತ್ತಿತ್ತು, ಚಳಿಗೆ.