ಎತ್ತಿಲ್ಲದೆ ಓಡುವ ಹಲಗೆ

ಸಮುದ್ರ ನೋಡಿದವಳನ್ನು ಸಮುದ್ರ ನೋಡದವರ ಮನೆಗೆ ಸೊಸೆಯಾಗಿ ಕೊಡಬಾರದು. ಕೊಟ್ಟರೆ ಇಂಥದ್ದೆಲ್ಲ ಆಗುತ್ತಲೇ ಇರುತ್ತದೆ. ನಾನಿರುವುದು ತೂಬಗೆರೆ ಪಕ್ಕದ ಒಂದು ಸಣ್ಣ ಊರಿನಲ್ಲಿ. ಇಲ್ಲಿ ನೀರು ಎಂದರೆ ಬಾವಿಯಲ್ಲಿ ಸುಮ್ಮನೆ ಇರುವುದು, ಕೆರೆಯಲ್ಲಿ ಮಳೆ ಬಂದರೆ ಇರುವುದು. ಅದು ನಮ್ಮ ಕಡೆಗೆ ಓಡಿ ಬರುತ್ತದೆ, ಅದರ ಬೆನ್ನ ಮೇಲೆ ಹಲಗೆ ಹಾಕಿ ನಿಂತುಕೊಂಡು ದಡಕ್ಕೆ ಬರಬಹುದು ಎಂದರೆ, ಹೇಳಿದವಳ ನೆತ್ತಿಗೆ ಹರಳೆಣ್ಣೆ ಒತ್ತುತ್ತಾರೆ. ನನಗೆ ಎರಡು ಸಲ ಒತ್ತಿದ್ದಾರೆ.

೧. ಲೇ

ಹತ್ತನೇ ಕ್ಲಾಸು ಮುಗಿದ ಕೂಡಲೇ ದೊಡ್ಡಬಳ್ಳಾಪುರದಲ್ಲಿ ನಮ್ಮಪ್ಪ "ಓದಿದ್ದು ಸಾಕು" ಎಂದರು. ಆಗ ನಮ್ಮಕ್ಕ ಬಾಣಂತನ ಮುಗಿಸಿಕೊಂಡು ವಿಶಾಖಪಟ್ಟಣಕ್ಕೆ ಹೊರಟಿದ್ದಳು. ಭಾವನಿಗೆ ಅಲ್ಲಿ ಬಂದರಿನಲ್ಲಿ ಕೆಲಸ. ಮಗು ಆಡಿಸುವುದಕ್ಕೆ ಎಂದು ನನ್ನನ್ನೂ ಅವಳ ಜೊತೆಗೆ ಕಳಿಸಿದರು. ಹತ್ತು ತಿಂಗಳು ಇದ್ದೆ. ಮಧ್ಯಾಹ್ನ ಮಗು ಮಲಗಿದರೆ ಅಕ್ಕನೂ ಮಲಗುತ್ತಿದ್ದಳು. ಎದ್ದಿರುತ್ತಿದ್ದದ್ದು ನಾನು ಮತ್ತು ಸಮುದ್ರ.

ಮನೆಗೆ ಮೀನು ತರುತ್ತಿದ್ದ ಹುಡುಗಿಗೆ ನನ್ನದೇ ವಯಸ್ಸು. ಒಂದು ದಿನ ಅವಳು ನನ್ನ ಕೈ ಹಿಡಿದು ಎಳೆದುಕೊಂಡು ಹೋದಳು. ಊರಿನವರು ಗಾಳಿ ಸೇವನೆಗೆ ಬರುವ ಮರಳು ದಾಟಿ, ಬಲೆ ಒಣಗಿಸುವ ಜಾಗವನ್ನೂ ದಾಟಿ ಹೋದರೆ, ಬಂಡೆಗಳ ಒಂದು ಮೂತಿ ನೀರಿನೊಳಕ್ಕೆ ಚಾಚಿಕೊಂಡಿತ್ತು. ಅಲೆ ಆ ಮೂತಿಗೆ ತಾಗಿ ತಿರುಗಿ, ಸೀರೆಯನ್ನು ಒಂದು ತುದಿಯಿಂದ ಮಡಚುತ್ತಾ ಬಂದ ಹಾಗೆ, ಒಂದೇ ಕಡೆಯಿಂದ ಒಡೆಯುತ್ತಾ ದೂರದ ಮರಳಿನವರೆಗೆ ಬರುತ್ತಿತ್ತು. ಅಲ್ಲಿಗೆ ಯಾರೂ ಬರುತ್ತಿರಲಿಲ್ಲ. ನಾವಿಬ್ಬರು, ಒಂದಷ್ಟು ಏಡಿ. ಒಡೆದುಹೋದ ತೆಪ್ಪದ ಎರಡು ಹಲಗೆಗಳನ್ನು ಅವಳು ಬಂಡೆಯ ಸಂದಿಯಲ್ಲಿ ಬಚ್ಚಿಟ್ಟಿದ್ದಳು. ಒಂದು ಅವಳದು, ಒಂದು ನನ್ನದಾಯಿತು.

ಹಲಗೆಯ ಮೇಲೆ ಬೋರಲು ಮಲಗಿ ಕೈಯಲ್ಲಿ ನೀರು ಬಾಚಬೇಕು. ಅಲೆ ಬಂದು ಹಿಂದಿನಿಂದ ಎತ್ತಿದಾಗ ಎದ್ದು ನಿಲ್ಲಬೇಕು. ಇಷ್ಟೇ. ನನಗೆ ತೆಲುಗು ಬರುತ್ತಿದ್ದದ್ದು ತರಕಾರಿ ಕೊಳ್ಳುವಷ್ಟು. ಅಲೆ ನನ್ನನ್ನು ಎತ್ತಿದ ಹೊತ್ತಿಗೆ ಸರಿಯಾಗಿ ಅವಳು ಹಿಂದಿನಿಂದ "ಲೇ! ಲೇ!" ಎಂದು ಕಿರುಚಿದಳು.

ನನಗೆ ರೇಗಿಹೋಯಿತು. ಹಲಗೆಯ ಮೇಲೇ ಹಿಂದಕ್ಕೆ ತಿರುಗಿ, "ಯಾರಿಗೇ ಲೇ ಅಂತೀಯಾ? ನಮ್ಮಪ್ಪಾನೇ ನನ್ನ ಲೇ ಅನ್ನಲ್ಲ!" ಎಂದೆ. ಮಾತು ಮುಗಿಯುವಷ್ಟರಲ್ಲಿ ಅಲೆ ನನ್ನ ಬಾಯೊಳಗಿತ್ತು.

ಹೀಗೆ ನಾಲ್ಕು ದಿನ. ಅವಳು ಲೇ ಅನ್ನುವುದು, ನಾನು ತಿರುಗಿ ಜಗಳ ಆಡುವುದು, ಉಪ್ಪುನೀರು ಕುಡಿಯುವುದು. ಐದನೇ ದಿನ ಅವಳು ನನ್ನನ್ನು ಮರಳಿನ ಮೇಲೆ ಕೂರಿಸಿ, ಜಡೆ ಹಿಡಿದು ಮೇಲಕ್ಕೆ ಎಳೆದು "ಲೇ" ಎಂದಳು. ಮತ್ತೆ ಕೂರಿಸಿದಳು. ಮತ್ತೆ ಎಳೆದು "ಲೇ" ಎಂದಳು. ಆಗ ತಲೆಗೆ ಹೋಯಿತು. ತೆಲುಗಿನಲ್ಲಿ ಲೇ ಎಂದರೆ ಏಳು, ಎದ್ದು ನಿಲ್ಲು ಅಂತ. ಪಾಪ, ಎದ್ದು ನಿಲ್ಲು ಅಂದವಳ ಇಡೀ ವಂಶವನ್ನು ನಾನು ನಾಲ್ಕು ದಿನ ಜಾಲಾಡಿದ್ದೆ.

ಅವತ್ತು ಅವಳು ಲೇ ಅಂದಳು, ನಾನು ಎದ್ದೆ. ಬಂಡೆಯಿಂದ ಮರಳಿನವರೆಗೂ ನಿಂತೇ ಬಂದೆ. ನನ್ನನ್ನು ಲೇ ಅಂದವರಲ್ಲಿ ನಾನು ಮಾತು ಕೇಳಿದ್ದು ಅವಳೊಬ್ಬಳದನ್ನೇ. ನಮ್ಮ ಯಜಮಾನರು ಈ ಸಾಲನ್ನು ಎರಡು ಸಲ ಓದಿಕೊಳ್ಳಲಿ.

೨. ಆಲೆ

ಊರಿಗೆ ವಾಪಸು ಕರೆಸಿಕೊಂಡದ್ದು ಗಂಡು ತೋರಿಸುವುದಕ್ಕೆ. ಹೊರಡುವ ದಿನ ಮೊಳೆಯಿಂದ ನನ್ನ ಹಲಗೆಯ ಮೇಲೆ ಹೆಸರಿನ ಮೊದಲ ಅಕ್ಷರ ಗೀಚಿದೆ. ಮೀನಿನ ಹುಡುಗಿ "ಇಟ್ಟಿರ್ತೀನಿ, ಬಾ" ಎಂದಳು. ಅದನ್ನು ಕನ್ನಡದಲ್ಲೇ ಹೇಳಿದಳು, ಮತ್ತೆ ತಪ್ಪು ತಿಳಿದುಕೊಂಡೇನು ಅಂತ.

ನಮ್ಮ ಅತ್ತೆಯಾಗುವವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಏನೇನು ಬರ್ತದವ್ವ ನಿಂಗೆ?" ಎಂದರು.

"ಹಾಡೋಕೆ ಬರಲ್ಲ, ರಂಗೋಲಿ ಸುಮಾರು," ಎಂದೆ. "ಅಲೆ ಚೆನ್ನಾಗಿ ಬರುತ್ತೆ."

ನಮ್ಮಮ್ಮ ತೊಡೆ ಚಿವುಟಿದ್ದು ಈಗಲೂ ನೆನಪಿದೆ. ಚಿವುಟಿಕೊಂಡೇ, "ಆಲೆ, ಆಲೆ! ಕಬ್ಬಿನ ಆಲೆ. ಬೆಲ್ಲ ಕಾಯಿಸೋದು ಚೆನ್ನಾಗಿ ಬರುತ್ತೆ ಅಂತಾಳೆ," ಎಂದರು. ಅತ್ತೆಯ ಮುಖ ಅರಳಿತು. ಅವರ ಮನೆಯಲ್ಲಿ ಒಂದು ತುಂಡು ಕಬ್ಬಿನ ಹೊಲ ಇತ್ತಂತೆ. ಒಂದು ದೀರ್ಘದಲ್ಲಿ ನನ್ನ ಮದುವೆ ಆಗಿಹೋಯಿತು.

ಧಾರೆಯ ದಿನ ಹಸೆಮಣೆಯ ಮೇಲೆ ಹತ್ತು ಎಂದರು. ಕಾಲಡಿಗೆ ಹಲಗೆ ಸಿಕ್ಕಿತಲ್ಲ, ಕಾಲು ತನ್ನ ಪಾಡಿಗೆ ತಾನು ಒಂದು ಮುಂದೆ ಒಂದು ಹಿಂದೆ ಇಟ್ಟುಕೊಂಡಿತು. ಮಂಡಿ ಬಗ್ಗಿತು. ಪುರೋಹಿತರು ಮಂತ್ರ ನಿಲ್ಲಿಸಿ, "ತಾಯಿ, ನೆಟ್ಟಗೆ ನಿಂತ್ಕೊಳಮ್ಮ, ಓಡಿಹೋಗೋಳ ಥರ ನಿಂತಿದೀಯಲ್ಲ," ಎಂದರು. ಆಮೇಲೆ ಬೀಗರೂಟದ ದಿನ ಯಜಮಾನರು ಯಾಕೆ ಹಾಗೆ ನಿಂತಿದ್ದೆ ಎಂದು ಕೇಳಿದರು. ಎಲ್ಲ ಹೇಳಿದೆ. ಅವರು ಮೇಷ್ಟ್ರು. ಗಂಭೀರವಾಗಿ ಕೇಳಿಸಿಕೊಂಡು, "ಒಂದ್ಸಲ ಕರ್ಕೊಂಡು ಹೋಗ್ತೀನಿ," ಎಂದರು. ಆ "ಒಂದ್ಸಲ"ಕ್ಕೆ ಈಗ ಐದು ವರ್ಷ. ನಮ್ಮ ಪುಟ್ಟಿಗಿಂತ ಅದೇ ದೊಡ್ಡದು.

ಮೊದಲ ಸುಗ್ಗಿಗೇ ಅತ್ತೆ ನನ್ನನ್ನು ಬೆಲ್ಲದ ಕೊಪ್ಪರಿಗೆಯ ಮುಂದೆ ನಿಲ್ಲಿಸಿದರು. ಪೂರ್ತಿ ಪಾಕ ಸೀದು ಕಪ್ಪಾಯಿತು. ಅತ್ತೆ ಬೆಲ್ಲದಚ್ಚನ್ನು ಕಲ್ಲಿಗೆ ಕುಟ್ಟಿ ನೋಡಿದರು. ಕಲ್ಲಿಗೆ ಏಟಾಯಿತು.

"ಎಲ್ಲಿ ಕಲಿತೆಯವ್ವ ಇದನ್ನ?"

"ಸಮುದ್ರದಲ್ಲಿ," ಎಂದೆ. ಮೊದಲ ಸಲ ಹರಳೆಣ್ಣೆ ಒತ್ತಿದ್ದು ಅವತ್ತು.

೩. ಪಟ್ಟಣ

ಒಂದು ದಸರಾ ರಜೆಯಲ್ಲಿ ಯಜಮಾನರಿಗೆ ಧೈರ್ಯ ಬಂತು. "ಅಮ್ಮನ ಹತ್ರ ವಿಶಾಖಪಟ್ಟಣ ಅಂತ ಪೂರ್ತಿ ಹೇಳಿದ್ರೆ ಬೇಡ ಅಂತಾರೆ. ಅರ್ಧ ಹೇಳ್ತೀನಿ, ಸುಳ್ಳೂ ಆಗಲ್ಲ," ಎಂದರು. ಮೇಷ್ಟ್ರ ಬುದ್ಧಿ ನೋಡಿ. ಹೋಗಿ, "ಅಮ್ಮಾ, ಪಟ್ಟಣಕ್ಕೆ ಹೋಗಿ ಬರ್ತೀವಿ," ಎಂದರು.

ನಮ್ಮ ಅತ್ತೆಯ ತಂಗಿಯನ್ನು ಕೊಟ್ಟಿರುವುದು ದೇವನಹಳ್ಳಿ ಹತ್ತಿರದ ಚನ್ನರಾಯಪಟ್ಟಣಕ್ಕೆ. ನಮ್ಮ ಮನೆಯಲ್ಲಿ ಪಟ್ಟಣ ಎಂದರೆ ಅದೊಂದೇ. ಅತ್ತೆಗೆ ಕಣ್ಣಲ್ಲಿ ನೀರೇ ಬಂತು. "ಚಿಕ್ಕಮ್ಮನ್ನ ನೋಡಬೇಕು ಅಂತ ಈಗಲಾದ್ರೂ ನೆನಪಾಯ್ತಲ್ಲ ಮಗನೇ," ಎಂದು ಒಂದು ಚೀಲ ಹುರುಳಿ ತುಂಬಿ, ತಾವೂ ಸೀರೆ ಬದಲಾಯಿಸಿಕೊಂಡು ಬಂದು ನಮಗಿಂತ ಮೊದಲು ಬಸ್ಸು ಹತ್ತಿ ಕೂತರು.

ಐದು ದಿನ ಚನ್ನರಾಯಪಟ್ಟಣದಲ್ಲಿ ಹುರುಳಿ ಸಾರು ತಿಂದೆವು. ನಾವು ತಂದ ಹುರುಳಿಯದೇ. ನನ್ನ ಮುಖ ನೋಡಲಾರದೆ ಯಜಮಾನರು ಚಿಕ್ಕತ್ತೆಗೆ, "ಇವಳಿಗೆ ದೊಡ್ಡ ನೀರು ನೋಡೋ ಆಸೆ," ಎಂದುಬಿಟ್ಟರು. "ಅದಕ್ಕೇನಂತೆ," ಎಂದು ಅವರು ನನ್ನನ್ನು ಕೆರೆಯ ಏರಿಗೆ ಕರೆದುಕೊಂಡು ಹೋದರು. ಕೆರೆ ಒಣಗಿ ಜಾಲಿ ಬೆಳೆದಿತ್ತು. ಒಳಗೆ ದನ ಮೇಯುತ್ತಿದ್ದವು. ಚಿಕ್ಕತ್ತೆ ಗಾಳಿಯಲ್ಲಿ ಕೈಯಾಡಿಸಿ, "ನೀರು ಇರೋದಾದ್ರೆ ಇಲ್ಲೀವರ್ಗೂ ಇರ್ತದೆ," ಎಂದು ನನ್ನ ಕತ್ತಿಗೆ ಕೈಯಿಟ್ಟು ತೋರಿಸಿದರು. "ಈಗ ಹಂಗೇ ಅಂದ್ಕೊಂಡು ನೋಡ್ಕೊ."

೪. ಕಾಗದ

ಈ ವರ್ಷ ಗೌರಿ ಹಬ್ಬಕ್ಕೆ ಅಕ್ಕನ ಕಾಗದ ಬಂತು. ದೀಪಾವಳಿ ಆದ ಮೇಲೆ ಭಾವನಿಗೆ ವರ್ಗವಂತೆ, ಮನೆ ಖಾಲಿ ಮಾಡುತ್ತಾರಂತೆ. "ಬರುವುದಾದರೆ ಅಷ್ಟರೊಳಗೆ ಬಾ. ಆಮೇಲೆ ಇಲ್ಲಿ ನಮ್ಮದು ಅನ್ನುವುದು ಏನೂ ಇರುವುದಿಲ್ಲ. ಮೀನಿನವಳಿಗೆ ಮದುವೆಯಾಗಿ ಎರಡು ಮಕ್ಕಳು. ನಿನ್ನ ಹಲಗೆ ಇನ್ನೂ ಇಟ್ಟಿದ್ದಾಳೆ, ಯಾವಾಗ ಬರುತ್ತೀ ಎಂದು ಕೇಳುತ್ತಾಳೆ."

ಇದನ್ನು ಯಜಮಾನರು ಜಗಲಿಯಲ್ಲಿ ಕೂತು ಗಟ್ಟಿಯಾಗಿ ಓದಿದರು. ನಾನು ಕಂಬದ ಹಿಂದೆ ನಿಂತಿದ್ದೆ. ಬರೆದರೆ ನೀವು ನಗುತ್ತೀರಿ, ಆದರೂ ಬರೆಯುತ್ತೇನೆ. ರಾಗಿ ಬೀಸುವಾಗ ಕಲ್ಲಿನ ಸದ್ದು ಸ್ವಲ್ಪ ದೂರದಿಂದ ಕೇಳಿದರೆ ಆ ಬಂಡೆಯ ಸದ್ದೇ. ಮಾಕಳಿದುರ್ಗದ ಕಡೆ ರೈಲು ಕೂಗಿದರೆ ನನ್ನ ಕಾಲು ತಾನಾಗಿ ಒಂದು ಮುಂದೆ ಒಂದು ಹಿಂದೆ ಹೋಗುತ್ತದೆ. ನಾನು ಇಲ್ಲಿ ಸೊಪ್ಪು ಸೋಸುತ್ತಿರುವಾಗಲೂ ಅಲ್ಲಿ ಅಲೆ ಒಂದರ ಹಿಂದೆ ಒಂದು ಬಂಡೆ ತಿರುಗಿಕೊಂಡು ಬರುತ್ತಿರುತ್ತದೆ, ಮೇಲೆ ಯಾರೂ ಇಲ್ಲದೆ. ಖಾಲಿ ಗಾಡಿ ಮನೆ ಮುಂದೆ ಹೋದ ಹಾಗೆ.

ಅತ್ತೆ ಪೂರ್ತಿ ಕೇಳಿ, "ಅಷ್ಟು ದೂರ ಯಾಕಂತೆ?" ಎಂದರು.

"ಅಲೆಗೆ ಅತ್ತೆ," ಎಂದೆ.

"ಅಲೆಯೋಕೆ ಅಷ್ಟು ದೂರ ಯಾಕವ್ವ? ಅಲೆಯೋದಾದ್ರೆ ಇಲ್ಲೇ ಅಲಿ. ಹೊಲ ಐತೆ, ತೋಟ ಐತೆ, ಬರ್ತಾ ಎರಡು ಹೊರೆ ಹುಲ್ಲು ತಂದಂಗೂ ಆಯ್ತದೆ."

"ಅಲೆಯೋಕಲ್ಲ ಅತ್ತೆ, ಓಡಿ ಬರೋ ನೀರಿನ ಬೆನ್ನ ಮೇಲೆ ಹಲಗೆ ಹಾಕಿ ನಿಂತ್ಕೊಳ್ಳೋಕೆ," ಎಂದೆ. ಎರಡನೆಯ ಸಲದ ಹರಳೆಣ್ಣೆ ಈ ಮಾತಿಗೆ.

೫. ಹಲಗೆ

ಈ ಸಲ ಕೆರೆ ತುಂಬಿತು. ಕೆರೆ ಹಿಂದಿನ ನಮ್ಮ ಗದ್ದೆಗೆ ನಾಟಿ. ಉತ್ತ ಕೆಸರನ್ನು ಮಟ್ಟ ಮಾಡುವುದಕ್ಕೆ ಎತ್ತುಗಳಿಗೆ ಆರಡಿ ಹಲಗೆ ಕಟ್ಟಿ ನೀರಿನ ಮೇಲೆ ಎಳೆಸುತ್ತಾರೆ. ಹಲಗೆಯ ಮೇಲೆ ಭಾರಕ್ಕೆ ಒಬ್ಬರು ನಿಲ್ಲಬೇಕು. ಯಾವಾಗಲೂ ನಿಲ್ಲುವವರು ನಮ್ಮ ಯಜಮಾನರು. ಅವತ್ತು ಅವರಿಗೆ ಸ್ಕೂಲು. ನಾನು ಅತ್ತೆಯ ಜೊತೆ ಮುದ್ದೆ ಸಾರು ಹೊತ್ತುಕೊಂಡು ಹೋದಾಗ ಮಾವ ಹಲಗೆಯ ಮೇಲೆ ಕಲ್ಲು ಹೇರಿದ್ದರು. ಕಲ್ಲು ಎರಡೆರಡು ಹೆಜ್ಜೆಗೆ ಉರುಳುತ್ತಿತ್ತು.

"ನಾನು ನಿಲ್ತೀನಿ ಮಾವ," ಎಂದೆ.

"ಬೀಳ್ತೀಯ ಕಣೇ," ಎಂದರು ಅತ್ತೆ.

ಮಾವ, "ಬಿದ್ರೆ ಕೆಸರು ತಾನೇ, ನಿಂತ್ಕೊಳವ್ವ," ಎಂದರು.

ನಿಂತೆ. ಮಂಡಿ ಬಗ್ಗಿಸಿ, ಕೈ ಅಗಲಿಸಿದೆ. ಎತ್ತು ನಡೆಯಿತು. ಕಾಲಡಿಯಲ್ಲಿ ನೀರು ಜಾರಿತು. ಹಲಗೆಯ ಮುಂದೆ ಒಂದು ಗೇಣು ಎತ್ತರದ ಕೆಸರಿನ ಅಲೆ ಎದ್ದು ಓಡಿತು. ಕಣ್ಣು ಮುಚ್ಚಿಕೊಂಡೆ. ಉಪ್ಪಿನ ವಾಸನೆ ಒಂದಿಲ್ಲ, ಮಿಕ್ಕಿದ್ದೆಲ್ಲ ಇತ್ತು. ಬದುವಿಗೆ ಬಂದು ಹಲಗೆ ನಿಂತಿತು. ಇಷ್ಟೇನಾ, ಇಷ್ಟು ಬೇಗ ಮುಗಿಯಿತಾ ಅನ್ನಿಸಿ ಕಣ್ಣಲ್ಲಿ ನೀರು ಬಂದುಬಿಟ್ಟಿತು.

"ಯಾಕೇ ಅಳ್ತೀಯ? ಏಟಾಯ್ತಾ?" ಎಂದರು ಅತ್ತೆ.

"ಇಲ್ಲ ಅತ್ತೆ. ಅಲ್ಲಿ ಇದು ಇನ್ನೂ ಉದ್ದ ಇರುತ್ತೆ."

ಅತ್ತೆ ನನ್ನನ್ನೇ ನೋಡಿದರು. ಹಲಗೆ ನೋಡಿದರು. "ಅಳೋವಂಥದ್ದು ಏನೈತೆ ಇದ್ರಾಗೆ, ನಾನೂ ನೋಡೇಬಿಡ್ತೀನಿ," ಎಂದು ಸೀರೆ ಎತ್ತಿ ಕಟ್ಟಿ ಹತ್ತಿದರು. ಎತ್ತು ಹೊರಟದ್ದೇ ತಡ, "ಅಯ್ಯಯ್ಯೋ" ಎಂದು ಕುಕ್ಕರುಗಾಲಲ್ಲಿ ಕೂತು ಹಲಗೆ ಅಪ್ಪಿಕೊಂಡರು. ಥೇಟ್ ನನ್ನ ಮೊದಲ ನಾಲ್ಕು ದಿನ. ಮೈಮರೆತು ಗಂಟಲು ಹರಿಯುವಂತೆ ಕೂಗಿದೆ:

"ಲೇ! ಲೇ!"

ಪಕ್ಕದ ಗದ್ದೆಯಲ್ಲಿ ನಾಟಿ ಹಾಕುತ್ತಿದ್ದ ಹೆಂಗಸರು ಬಗ್ಗಿದ ಸೊಂಟ ಎತ್ತಿದರು. ಒಬ್ಬಳು, "ಸೊಸೆ ಅತ್ತೆಗೆ ಲೇ ಅಂದ್ಲು ಕಣ್ರವ್ವ!" ಎಂದಳು. ಮಾವನ ಬಾರುಕೋಲು ಎತ್ತಿದಲ್ಲೇ ನಿಂತಿತು.

"ಯಾರಿಗೇ ಲೇ ಅಂತೀಯಾ?" ಎಂದು ಅತ್ತೆ ಗುಡುಗಿದರು. "ನನ್ನ ಗಂಡಾನೇ ನನ್ನ ಲೇ ಅನ್ನಲ್ಲ!" ನನಗೆ ಬಾರಿಸುವುದಕ್ಕೆ ಧಿಗ್ಗನೆ ಎದ್ದು ನಿಂತರು. ಆ ಗುಡುಗಿಗೆ ಎತ್ತುಗಳು ಬೆದರಿ ಓಡಿದವು. ಅತ್ತೆ ಬೀಳಲಿಲ್ಲ. ಒಂದು ಕೈ ಸೊಂಟದ ಮೇಲೆ, ಇನ್ನೊಂದು ಕೈ ನನ್ನ ಕಡೆ ತೋರಿಸುತ್ತಾ, ಈ ಬದುವಿನಿಂದ ಆ ಬದುವಿನವರೆಗೂ ನಿಂತುಕೊಂಡೇ ನನ್ನನ್ನು ಬೈಯುತ್ತಾ ಹೋದರು. ನನಗೆ ಐದು ದಿನ ಹಿಡಿದದ್ದು ಅವರಿಗೆ ಒಂದು ಬೈಗುಳದಲ್ಲಿ ಬಂತು.

ಆ ಬದುವಿನಲ್ಲಿ ಹಲಗೆ ನಿಂತ ಮೇಲೆ ಅವರಿಗೆ ತಾವು ನಿಂತಿರುವುದು ಗೊತ್ತಾಯಿತು. ಬಾಯಿ ನಿಂತುಹೋಯಿತು. ನಾನು ಓಡಿ ಹೋಗಿ ಕಾಲು ಹಿಡಿದು ತೆಲುಗಿನ ಲೇಯ ಅರ್ಥ ಹೇಳಿದೆ. ಅವರು ಕೇಳಿಸಿಕೊಂಡ ಹಾಗೆ ಕಾಣಲಿಲ್ಲ. "ಇನ್ನೊಂದು ಸುತ್ತು ಹೊಡೀರಿ," ಎಂದರು ಮಾವನಿಗೆ. ಆರು ಸುತ್ತು ಆಯಿತು. ಗದ್ದೆ ಕನ್ನಡಿಯಾಯಿತು, ಮುದ್ದೆ ತಣ್ಣಗಾಯಿತು.

ಊಟಕ್ಕೆ ಕೂತಾಗ ಅತ್ತೆ ಮೆಲ್ಲಗೆ ಕೇಳಿದರು. "ಆ ಸಮುದ್ರದಾಗೆ ಎತ್ತು ಯಾರು ಹೊಡೀತಾರೆ?"

"ಎತ್ತೇ ಇರಲ್ಲ ಅತ್ತೆ. ನೀರೇ ತಳ್ಳುತ್ತೆ."

"ಅದಕ್ಕೆ ಹುಲ್ಲು?"

"ಬೇಡ."

"ಸಗಣಿ?"

"ಹಾಕಲ್ಲ."

ಅತ್ತೆ ತುತ್ತು ಕೆಳಗಿಟ್ಟರು. ಸಂಜೆ ಮಗ ಬಂದ ಕೂಡಲೇ, "ಎತ್ತಿಲ್ದೆ ಓಡ್ತದಂತಲ್ಲೋ! ಐದು ವರ್ಷದಿಂದ ಯಾಕೋ ಬಾಯಿ ಮುಚ್ಕೊಂಡಿದ್ದೆ?" ಎಂದು ಎಗರಿಬಿದ್ದರು.

ಇದನ್ನು ಬರೆಯುವ ಹೊತ್ತಿಗೆ ನಮ್ಮ ಗಂಟುಮೂಟೆ ಕಟ್ಟಿ ಆಗಿದೆ. ನಾಳೆ ಬೆಳಿಗ್ಗೆ ಹೊರಡುತ್ತೇವೆ. ಪುಟ್ಟಿ ಈಗಲೇ ಚಪ್ಪಲಿ ಹಾಕಿಕೊಂಡು ಕೂತಿದ್ದಾಳೆ. ನನಗೆ ಒಂದೇ ಭಯ, ಆ ಅಲೆ ನಾನು ನೆನಪಿಟ್ಟುಕೊಂಡಷ್ಟು ಉದ್ದ ಇರುತ್ತದೋ ಇಲ್ಲವೋ ಅಂತ. ಹೀಗೆ ಯೋಚಿಸುತ್ತಾ ಜಗಲಿಗೆ ಬಂದರೆ ಅಲ್ಲಿ ಜಮಖಾನ ಸುತ್ತಿ ಹಗ್ಗ ಬಿಗಿದ ಉದ್ದನೆಯದೊಂದು ಗೋಡೆಗೆ ಒರಗಿತ್ತು. ಗದ್ದೆಯ ಹಲಗೆ. ಒಂದು ತುದಿಯಲ್ಲಿ ಕೆಸರು ಇನ್ನೂ ಒಣಗಿರಲಿಲ್ಲ.

ಯಜಮಾನರು ತಲೆ ಕೆರೆದುಕೊಂಡರು. "ಅಮ್ಮಾ, ಇದನ್ನ ರೈಲಲ್ಲಿ ಬಿಡಲ್ಲ. ಅಲ್ಲಿ ಇವಳ ಹಲಗೆ ಇದೆಯಲ್ಲಮ್ಮ."

"ಅವಳ್ದು ಐತೆ ಕಣೋ," ಎಂದರು ಅತ್ತೆ. "ನಂದು?"