ಕೆಂಪಂಗಿಯ ಹುಡುಗರು ಮತ್ತು ಕಾಸಿರಾನನ ಸ್ನಾನ

ಅಂಗಳದ ನಡುವೆ ಒಂದು ಬಿದಿರುಕಡ್ಡಿ ನೆಟ್ಟಿತ್ತು. ಅದರ ತುದಿಗೆ ಮೂರು ಕೆಂಪು ಮೆಣಸಿನಕಾಯಿ, ನಡುನಡುವೆ ಎರಡು ಸಣ್ಣ ಈರುಳ್ಳಿ. ಪಕ್ಕದಲ್ಲಿ ಕಡ್ಡಿಪೊರಕೆಯೊಂದು ತಲೆಕೆಳಗಾಗಿ ನಿಂತು ಮುಗಿಲಿನತ್ತ ತನ್ನ ಬೆರಳುಗಳನ್ನೆಲ್ಲ ಬಿಡಿಸಿತ್ತು. ಮೇಲೆ ತೂತಿಲ್ಲದ ಕಂಬಳಿಯಂಥ ಬೂದು ಆಕಾಶ. ಗಾಳಿ ಇರಲಿಲ್ಲ. ಹಗ್ಗದ ಮೇಲಿನ ಕೆಂಪು ಅಂಗಿಯ ತೋಳು ಕೂಡ ಅಲುಗುತ್ತಿರಲಿಲ್ಲ. ಪೇರಲೆ ಮರದ ಕೆಳಗೆ ಕೋಳಿಯೊಂದು ಎತ್ತಿದ ಕಾಲನ್ನು ಇಳಿಸಲು ಮರೆತು ನಿಂತಿತ್ತು. ಮಳೆಗಾಲದ ನಟ್ಟನಡುವೆ, ಮೂರು ದಿನಗಳಿಂದ ಇಂಡೋನೇಷ್ಯಾದ ಸೋಲೊ ನಗರದ ಮೇಲೆ ಒಂದು ಹನಿಯೂ ಬಿದ್ದಿರಲಿಲ್ಲ.

ಆ ಚಿತ್ರದಲ್ಲಿ ಕದಲದೆ ಇದ್ದ ಇನ್ನೊಂದು ಜೀವ ಕಾಸಿರಾನ್. ಸೈಕಲ್ ರಿಪೇರಿಯವನು, ವಯಸ್ಸು ಐವತ್ತೆಂಟು. ಮೆಟ್ಟಿಲ ಮೇಲೆ ಕುಳಿತಿದ್ದ. ಅವನೂ ಮೂರು ದಿನಗಳಿಂದ ಸ್ನಾನ ಮಾಡಿರಲಿಲ್ಲ. ದಿನಕ್ಕೆ ಎರಡು ಸಲ ಮೀಯದವನನ್ನು ರೋಗಿಯೆಂದೋ ವೇದಾಂತಿಯೆಂದೋ ತಿಳಿಯುವ ಊರದು. ಕಾಸಿರಾನ್ ಎರಡೂ ಅಲ್ಲ. ಅವನು ಮಳೆ ತಡೆಯುವವನು; ಅಂಗಳದ ಮೆಣಸಿನಕಾಯಿ, ಪೊರಕೆಗಳೆಲ್ಲ ಅದಕ್ಕೇ.

ಅದೂ ಅವನು ಬಯಸಿ ಪಡೆದ ಪದವಿಯಲ್ಲ. ಎರಡು ವರ್ಷದ ಹಿಂದೆ ಕೇರಿಯ ಮುಖ್ಯಸ್ಥ, ಯಜಮಾನರೆಂಬ ಅರ್ಥದಲ್ಲಿ ಎಲ್ಲರೂ ‘ಪಾಕ್’ ಎನ್ನುವ ಹರ್ಜಿತೊ ಅವರ ಮಗಳ ಮದುವೆಯ ದಿನ ಕಾಸಿರಾನ್ ಜ್ವರ ಬಂದು ಮಲಗಿದ್ದ, ಮಿಂದಿರಲಿಲ್ಲ. ಊರೆಲ್ಲ ಮಳೆಯಲ್ಲಿ ತೊಯ್ದರೂ ಮದುವೆಯ ಚಪ್ಪರ ಒಣಗಿಯೇ ಉಳಿಯಿತು. ಮಳೆ ತಡೆಯುವವನು ನೀರು ಮುಟ್ಟಬಾರದೆಂಬ ನಿಯಮ ಎಲ್ಲರಿಗೂ ಗೊತ್ತು; ನಿಯಮ ಪಾಲಿಸಿದವನು ಯಾರೆಂದು ಹುಡುಕಿದಾಗ ಸಿಕ್ಕವನು ಇವನೊಬ್ಬನೇ. ಅಂದಿನಿಂದ ಕೇರಿಯ ಯಾವ ಶುಭಕಾರ್ಯ ಬಂದರೂ ಮೊದಲು ನಿಲ್ಲುತ್ತಿದ್ದುದು ಕಾಸಿರಾನನ ಸ್ನಾನ.

ಇವತ್ತಿನದು ಮಾತ್ರ ಅಂತಿಂಥ ಕಾರ್ಯವಲ್ಲ. ಆರು ದೇಶಗಳ ಹದಿನೇಳು ವರ್ಷದೊಳಗಿನ ಹುಡುಗರ ಫುಟ್‌ಬಾಲ್ ಪಂದ್ಯಾವಳಿಯ ಅಂತಿಮ ಪಂದ್ಯ. ಇಂಡೋನೇಷ್ಯಾದ ಹುಡುಗರ ಎದುರು ಉಜ್ಬೆಕಿಸ್ತಾನದ ಹುಡುಗರು. ಅದೂ ಕೇರಿಯ ಬೆನ್ನಿಗೇ ಅಂಟಿಕೊಂಡ ಕ್ರೀಡಾಂಗಣದಲ್ಲಿ, ಮಧ್ಯಾಹ್ನ ಮೂರೂವರೆಗೆ. ಹರ್ಜಿತೊ ಆ ಕ್ರೀಡಾಂಗಣದ ಬಾಗಿಲುಗಳನ್ನು ಮೂವತ್ತು ವರ್ಷ ಕಾಯ್ದವರು. ಮಳೆಯ ಹೊಣೆಯನ್ನು ಅವರು ಯಾರನ್ನೂ ಕೇಳದೆ ಕಾಸಿರಾನನ ತಲೆಗೆ ಕಟ್ಟಿದ್ದರು.

ಕಾಸಿರಾನ್ ಒಪ್ಪಿದ್ದಕ್ಕೆ ಬೇರೆಯೇ ಕಾರಣವಿತ್ತು. ಹದಿನೇಳನೆಯ ವಯಸ್ಸಿನಲ್ಲಿ ಅವನೂ ಪ್ರಾಂತ್ಯದ ತಂಡದ ಆಯ್ಕೆಗೆ ಹೋಗಿದ್ದ. ಕಡ ತಂದ ಬೂಟುಗಳೆರಡೂ ಎಡಗಾಲಿನವೆಂದು ಮೈದಾನದ ಅಂಚಿನಲ್ಲಿ ತಿಳಿದು ಹಿಂತಿರುಗಿದ್ದ. ಎದೆಯ ಮೇಲೆ ಗರುಡನಿರುವ ದೇಶದ ತಂಡದ ಕೆಂಪಂಗಿಯನ್ನು ನಲವತ್ತು ವರ್ಷ ಟೀವಿಯಲ್ಲಿ ಮಾತ್ರ ಕಂಡವನು, ಈ ಸಲ ಒಂದು ಹಗಲು ಒಂದು ಇರುಳು ಸಾಲಿನಲ್ಲಿ ನಿಂತು ಟಿಕೆಟ್ ಗಿಟ್ಟಿಸಿದ್ದ. ಒಂದೇ ಒಂದು ಸಲ ಆ ಹುಡುಗರನ್ನು ಕಣ್ಣಾರೆ ಕಂಡು, ಕೊನೆಯ ಸೀಟಿಯವರೆಗೂ ಕೂತು ಬರಬೇಕು. ಅಷ್ಟೇ ಅವನ ಆಸೆ.

"ರೀ, ನಿನ್ನೆ ಬೆಕ್ಕು ಕೂಡ ನಿಮ್ಮ ಹಾಸಿಗೆ ಬಿಟ್ಟು ಎದ್ದು ಹೋಯ್ತು," ಎಂದಳು ಹೆಂಡತಿ ಲಸ್ಮಿ, ಸೆರಗನ್ನು ಮೂಗಿಗೆ ಒತ್ತಿಕೊಂಡು.

"ಇನ್ನೊಂದೇ ಮಧ್ಯಾಹ್ನ ಕಣೆ. ಹುಡುಗರು ಗೆದ್ದ ಮೇಲೆ ಬಾವಿಗೇ ಇಳಿದ್ಬಿಡ್ತೀನಿ."

"ಬಾವಿ ನೀರು ಎಲ್ಲರೂ ಕುಡೀಬೇಕು. ಆ ಮಾತು ಮಾತ್ರ ಆಡ್ಬೇಡಿ."

ಅಷ್ಟರಲ್ಲಿ ಹರ್ಜಿತೊ ಬಂದರು. ಹಿಂದೆ ಕೊಡೆ ಹಿಡಿದ ಇಬ್ಬರು.

"ತಮ್ಮಾ ಕಾಸಿರಾನ್, ಮೈಗೆ ನೀರು ತಾಗಿಸಿಲ್ಲ ತಾನೆ?"

"ಇಲ್ಲ, ಪಾಕ್."

"ಹಲ್ಲು?"

"ಇದ್ದಿಲಲ್ಲಿ ಉಜ್ಜಿದೆ. ಒಣಗೇ."

"ಭೇಷ್. ಈ ಕೊಡೆಗಳು ಮಳೆಗಲ್ಲ, ನಿನಗೆ. ಯಾರಾದ್ರೂ ಒಂದು ಚೊಂಬು ಚೆಲ್ಲಿದ್ರೆ ದೇಶದ ಮಾನ ಹೋಯ್ತು."

ಎಡಬಲಕ್ಕೆ ಕೊಡೆಗಳು ಬಿಚ್ಚಿಕೊಂಡವು. ಕಾಸಿರಾನ್ ನಡುವೆ ಉತ್ಸವಮೂರ್ತಿಯಂತೆ ಹೊರಟ. ಕೊಡೆಗಳ ಸಂದಿಯಲ್ಲಿ ಅವನಿಗೆ ಕಾಣುತ್ತಿದ್ದುದು ತನ್ನ ಹೆಬ್ಬೆರಳು ಮಾತ್ರ. ತಿರುವಿನಲ್ಲಿ ತುಮಿನಿಯ ತಿಂಡಿಯಂಗಡಿ. ಆಕೆ ತಟ್ಟೆ ತೊಳೆದ ನೀರನ್ನು ಎಂದಿನಂತೆ ಬೀದಿಗೆ ಎರಚಿದಳು.

"ನೀರು!" ಎಂದು ಹರ್ಜಿತೊ ಕಿರುಚಿದರು.

ಎಡಗೊಡೆ ಬಲಕ್ಕೆ ಬಂತು, ಬಲಗೊಡೆ ಎಡಕ್ಕೆ ಹೋಯಿತು. ಕಾಸಿರಾನ್ ಹಿಂದಕ್ಕೆ ನೆಗೆದ. ನೀರು ತಾಗಲಿಲ್ಲ. ಆದರೆ ಹಿಂದಿದ್ದುದು ತುಮಿನಿ ಒಣಗಲಿಟ್ಟ ಉಪ್ಪುಮೀನಿನ ತಟ್ಟಿ, ಅದರಾಚೆ ಸಿಗಡಿಯನ್ನು ಹುದುಗು ಬರಿಸಿ ಅರೆದ ಕಪ್ಪು ಲೇಹದ ಬೋಗುಣಿ. ಮೊದಲನೆಯದರ ಮೇಲೆ ಕೂತು ಎರಡನೆಯದರಲ್ಲಿ ಮಲಗಿದ.

"ಅಯ್ಯೋ ನನ್ನ ಲೇಹ!" ತುಮಿನಿ ಬಾಯಿ ಬಡಿದುಕೊಂಡಳು.

"ಒದ್ದೆ ಇದೆಯಾ ಅದು?" ಹರ್ಜಿತೊ ಬಗ್ಗಿ ಕೇಳಿದರು.

"ಗಟ್ಟಿ ಲೇಹ, ಪಾಕ್. ನೀರು ಬೆರೆಸೋ ವ್ಯಾಪಾರ ನನ್ನದಲ್ಲ!"

"ಹಾಗಾದ್ರೆ ದೋಷವಿಲ್ಲ. ಏಳು ತಮ್ಮಾ."

ಕ್ರೀಡಾಂಗಣದ ದ್ವಾರದಲ್ಲಿ ಸಾವಿರ ಜನರ ಸಾಲು ಅವನಿಗೆ ತಾನಾಗಿಯೇ ದಾರಿ ಬಿಟ್ಟಿತು. ತಪಾಸಣೆಯ ಪೊಲೀಸನು ಒಂದು ಮಾರು ದೂರದಿಂದಲೇ, "ಸರಿ ಸರಿ, ಹೋಗಿ ಪಾಕ್," ಎಂದ. ಉತ್ತರದ ಕಟ್ಟೆಯಲ್ಲಿ ಅವನು ಕೂತ ಕ್ಷಣಕ್ಕೆ ಎಡಕ್ಕೆ ಆರು, ಬಲಕ್ಕೆ ಆರು ಆಸನ ಖಾಲಿಯಾದವು. ಅಷ್ಟು ವಿಸ್ತಾರವಾಗಿ ಫುಟ್‌ಬಾಲ್ ನೋಡುವ ಭಾಗ್ಯ ಮಂತ್ರಿಗಳಿಗೂ ಇರಲಿಲ್ಲ.

ಆಮೇಲೆ ಹುಡುಗರು ಬಂದರು.

ಕಾಸಿರಾನ್ ಎದ್ದು ನಿಂತ. ಟೀವಿಯಲ್ಲಿ ಕಂಡದ್ದು ಬರಿಯ ನೆರಳೆಂದು ಆಗ ತಿಳಿಯಿತು. ಸುಮಾತ್ರದವನೊಬ್ಬ, ಅಂಬೊನಿನವರಿಬ್ಬರು, ಇಲ್ಲಿಯೇ ಪಕ್ಕದ ಹಳ್ಳಿಯ ಗೋಲ್‌ಕೀಪರ್. ಹನ್ನೊಂದನೆಯ ನಂಬರಿನ ಅಂಗಿ ಪಾಪುವಾದ ಯೆರೆಮಿಯಾಸನದು. ಇನ್ನೂ ಮೀಸೆ ಮೂಡದ ಮುಖಗಳು. ಒಂದೊಂದು ದ್ವೀಪ ಒಂದೊಂದು ಮಗುವನ್ನು ಕಡಲು ದಾಟಿಸಿ ಕಳಿಸಿ, ಇಗೋ ನಮ್ಮಲ್ಲಿದ್ದದ್ದು ಇಷ್ಟು, ಎಂದಂತಿತ್ತು. ರಾಷ್ಟ್ರಗೀತೆ ಎದ್ದಾಗ ಇಪ್ಪತ್ತು ಸಾವಿರ ಕೊರಳು ಒಂದೇ ಎದೆಯಿಂದ ಹಾಡಿದವು. ಆ ಹುಡುಗರು ಭುಜಕ್ಕೆ ಭುಜ ಕೊಟ್ಟು, ಕಣ್ಣು ಮುಚ್ಚಿ, ಬೆಳಗನ್ನು ಕಾಯುವ ಮರಗಳಂತೆ ನಿಂತಿದ್ದರು. ಕಾಸಿರಾನನ ಕೆನ್ನೆ ಒದ್ದೆಯಾಯಿತು. ದೇಶದ ಕೆಲಸ ಕೆಟ್ಟೀತೆಂದು ತಟಕ್ಕನೆ ಒರೆಸಿಕೊಂಡ.

ಯೆರೆಮಿಯಾಸ್ ಓಡಿದರೆ ಹುಲ್ಲಿಗೆ ಗೊತ್ತಾಗುತ್ತಿರಲಿಲ್ಲ. ಚೆಂಡು ಅವನ ಕಾಲಿಗೆ ಸಾಕಿದ ಹಕ್ಕಿಯಂತೆ ಬಂದು ಕೂರುತ್ತಿತ್ತು. ಆದರೆ ಎದುರಾಳಿಗಳು ತೆಂಗಿನ ಮರದೆತ್ತರ. ಗಟ್ಟಿ ಒಣನೆಲದಲ್ಲಿ ಅವರ ಒಂದು ಹೆಜ್ಜೆ ನಮ್ಮವರ ಎರಡು. ಇಪ್ಪತ್ತನೆಯ ನಿಮಿಷಕ್ಕೆ ಒಂದು ಗೋಲು. ಮೂವತ್ತೆಂಟನೆಯ ನಿಮಿಷಕ್ಕೆ ಇನ್ನೊಂದು. ವಿರಾಮದ ಸೀಟಿ ಊದಿದಾಗ ಇಪ್ಪತ್ತು ಸಾವಿರ ಜನರ ನಡುವೆ ಕಡಲೆಕಾಯಿ ಸಿಪ್ಪೆ ಬಿದ್ದರೂ ಕೇಳಿಸುತ್ತಿತ್ತು.

ಹರ್ಜಿತೊ ಮೂಗು ಹಿಡಿದುಕೊಂಡೇ ಮೆಟ್ಟಿಲೇರಿ ಬಂದರು. "ತಪ್ಪಾಯ್ತು ತಮ್ಮಾ, ದೊಡ್ಡ ತಪ್ಪಾಯ್ತು! ನಮ್ಮ ಹುಡುಗರು ಆಡಿ ಬೆಳೆದದ್ದು ಎಲ್ಲಿ? ಕೊಯ್ಲಾದ ಗದ್ದೆ ಕೆಸರಲ್ಲಿ! ಆ ಉದ್ದನೆಯವರು ಕೆಸರು ಕಂಡಿದ್ದಾರಾ? ಅವರ ಕಾಲ ಕೆಳಗೆ ನಾವೇ ಒಣನೆಲ ಹಾಸಿಕೊಟ್ಟಿದ್ದೀವಿ. ಏಳು, ಸ್ನಾನ ಮಾಡು!"

"ಈಗಲೇ?"

"ಈ ಕಟ್ಟೆ ಕೆಳಗೇ ಸ್ನಾನದ ಕೋಣೆ ಇದೆ."

ಹಿಂದಿನ ಸಾಲಿನವರು ಕೇಳಿಸಿಕೊಂಡರು. ಅವರ ಹಿಂದಿನವರಿಗೂ ಸುದ್ದಿ ಹೋಯಿತು. ನೋಡುನೋಡುತ್ತ ಉತ್ತರದ ಕಟ್ಟೆಯಿಡೀ ಕೈತಟ್ಟಿ ಕೂಗತೊಡಗಿತು: "ಸ್ನಾನ! ಸ್ನಾನ!" ಅದರಲ್ಲಿ ದೇಶಭಕ್ತಿ ಎಷ್ಟು, ಮೂಗಿನ ಸಂಕಟ ಎಷ್ಟು ಎಂದು ಹೇಳುವುದು ಕಷ್ಟ.

ಕಾಸಿರಾನ್ ಆಸನವನ್ನು ಬಿಗಿಹಿಡಿದ. "ಪಾಕ್, ಇದೊಂದು ಆಟ ನೋಡ್ಬೇಕು ಅಂತ ನಲವತ್ತು ವರ್ಷ ಕಾದಿದ್ದೀನಿ."

ಹರ್ಜಿತೊ ಮೈದಾನದತ್ತ ಬೆರಳು ತೋರಿದರು. ಯೆರೆಮಿಯಾಸ್ ಒಬ್ಬನೇ ಇನ್ನೂ ಹುಲ್ಲಿನ ಮೇಲೆ ಮಂಡಿಯೂರಿದ್ದ. ಬಳಿಕ ಮೆಲ್ಲನೆ ಎದ್ದು, ಮಂಡಿಯ ಧೂಳು ಕೊಡವಿ, ಆಕಾಶ ನೋಡಿ ನಡೆದುಹೋದ. ಕಾಸಿರಾನ್ ಕೂಡ ಎದ್ದ.

ಕೋಣೆಗೆ ಸಣ್ಣ ಕಿಟಕಿಯೂ ಇರಲಿಲ್ಲ. "ಯಾರೂ ತೊಂದರೆ ಕೊಡದ ಹಾಗೆ ನೋಡ್ಕೋತೀನಿ," ಎಂದು ಹರ್ಜಿತೊ ಹೊರಗಿನಿಂದ ಚಿಲಕ ಹಾಕಿ ಅಲ್ಲಿಯೇ ಕಾವಲು ನಿಂತರು. ಕಾಸಿರಾನ್ ಚೊಂಬನ್ನು ತೊಟ್ಟಿಗೆ ಅದ್ದಿದ. ಠಣ್ ಎಂದಿತು. ತೊಟ್ಟಿಯ ತಳದಲ್ಲಿ ಒಂದು ಹಲ್ಲಿ ಬಿಟ್ಟರೆ ಮತ್ತೇನಿಲ್ಲ. ನಲ್ಲಿ ತಿರುಗಿಸಿದ. ಬರಿಯ ಗಾಳಿ ನಿಟ್ಟುಸಿರಿಟ್ಟಿತು.

"ಪಾಕ್! ಇಲ್ಲಿ..." ಎಂದು ಕೂಗಿದ.

ಅದೇ ಗಳಿಗೆಗೆ ಗುಡುಗಿತು. ಬಳಿಕ ಕಟ್ಟೆಯ ತಗಡಿನ ಸೂರಿನ ಮೇಲೆ ಸಾವಿರ ಕುದುರೆ ಹಾದಂತೆ ಮಳೆ.

"ಬಂತು! ಬಂತು ತಮ್ಮಾ!" ಹರ್ಜಿತೊ ಹೊರಗೆ ಕುಣಿಯುತ್ತಿದ್ದರು. "ನಿಲ್ಲಿಸ್ಬೇಡ! ಸುರ್ಕೋತಾ ಇರು!"

ನೀರಿಲ್ಲವೆಂದು ಈಗ ಹೇಳುವುದು ಹೇಗೆ? ಕಾಸಿರಾನ್ ಬರಿದಾದ ಚೊಂಬನ್ನು ತೊಟ್ಟಿಯ ಅಂಚಿಗೆ ಬಡಿಯುತ್ತ, "ಹುಹುಹು" ಎಂದು ಚಳಿಯ ದನಿ ತೆಗೆಯುತ್ತ ಕತ್ತಲಲ್ಲಿ ನಿಂತ. ಆಟ ಮತ್ತೆ ಶುರುವಾದದ್ದು ತಲೆಯ ಮೇಲಿನ ಕಾಲುಗಳಿಂದ ತಿಳಿಯಿತು. ಸ್ವಲ್ಪ ಹೊತ್ತಿಗೆ ಗೋಡೆಗಳೇ ಉಸಿರು ಹಿಡಿದವು. ಆಮೇಲೆ ಭೂಮಿ ಬಾಯಿ ತೆರೆದಂಥ ಮೊರೆತ. ಒಂದು! ಸುಣ್ಣದ ಪುಡಿ ಅವನ ತಲೆಯ ಮೇಲೆ ಅಕ್ಷತೆಯಂತೆ ಉದುರಿತು. ಮತ್ತೊಂದು ಮೊರೆತ. ಎರಡು! ಅವನು ಆ ಗೋಲುಗಳನ್ನು ಗೋಡೆಯ ಮೇಲೆ ಕಂಡ: ಮಳೆಯ ಪರದೆಯನ್ನು ಸೀಳಿ ಬಂದ ಪುಟ್ಟ ಕೆಂಪು ಆಕೃತಿ, ಕೆಸರಿನಿಂದ ತಾವರೆಯಂತೆ ಎದ್ದ ಕಾಲು. ಹೊರಗಿನ ಇಪ್ಪತ್ತು ಸಾವಿರ ಜನರಲ್ಲಿ ಯಾರೂ ಅಷ್ಟು ಚೆಲುವಾದ ಗೋಲು ಕಂಡಿರಲಾರರು.

ಮೂರನೆಯದು ಬರಲಿಲ್ಲ. ಉದ್ದನೆಯ ಸೀಟಿ ಕೇಳಿಸಿತು. ಮೈದಾನ ಕೆರೆಯಾಗಿತ್ತು, ಆಟ ಎರಡು ಎರಡಕ್ಕೆ ನಿಂತಿತು. ಉಳಿದ ಹದಿನೆಂಟು ನಿಮಿಷ ನಾಳೆ ಮೂರೂವರೆಗೆ. ಇಂದಿನ ಟಿಕೆಟ್ ನಾಳೆಗೂ ನಡೆಯುತ್ತದೆ.

ಕೋಣೆಯಿಂದ ಹೊರಬಿದ್ದವನನ್ನು ಜಡಿಮಳೆ ಕ್ಷಣದಲ್ಲಿ ತೋಯಿಸಿದ್ದರಿಂದ ಯಾರಿಗೂ ಅನುಮಾನ ಬರಲಿಲ್ಲ. ವಾಸನೆಯನ್ನು ಮಾತ್ರ ಆ ಮಳೆಯೂ ತೊಳೆಯಲಾರದೆ ಸೋತಿತ್ತು. ತುಮಿನಿಯ ಅಂಗಡಿಯಲ್ಲಿ ಕೇರಿಯೆಲ್ಲ ನೆರೆದು ಅವನಿಗೆ ಬಿಸಿ ಶುಂಠಿ ಕಷಾಯ ಕೊಟ್ಟಿತು, ದೂರದಿಂದ ಕೈಚಾಚಿ.

"ನಾಳೆ ಸೀಟಿ ಊದೋಕೆ ಹತ್ತು ನಿಮಿಷ ಮುಂಚೆ ಸ್ನಾನ ಶುರು," ಎಂದು ಹರ್ಜಿತೊ ಸಾರಿದರು.

ಕಾಸಿರಾನ್ ಲೆಕ್ಕ ಹಾಕಿದ. ಹದಿನೆಂಟು ನಿಮಿಷ. ಆ ಹುಡುಗರನ್ನು ಕಾಣಲು ಅವನಿಗೆ ಉಳಿದದ್ದು ಅಷ್ಟೇ. ಮಾನ ಹೋದರೆ ಹೋಗಲಿ ಎಂದು ಲೋಟ ಕೆಳಗಿಟ್ಟ.

"ಪಾಕ್, ನಾನು ಸ್ನಾನ ಮಾಡ್ಲೇ ಇಲ್ಲ. ತೊಟ್ಟೀಲಿ ಒಂದು ಹನಿ ನೀರಿರ್ಲಿಲ್ಲ. ಬರೀ ಚೊಂಬು ಬಡಿದೆ. ಮಳೆ ತಾನಾಗೇ ಬಂತು. ನನ್ನ ಕೈಲಿ ಯಾವ ಶಕ್ತೀನೂ ಇಲ್ಲ. ಮದುವೆ ದಿನಾನೂ ಇರ್ಲಿಲ್ಲ. ನಾಳೆ ನನ್ನ ಪಾಡಿಗೆ ನಾನು ಆಟ ನೋಡ್ತೀನಿ, ಬಿಟ್ಬಿಡಿ."

ಲಸ್ಮಿ ನಾಚಿಕೆಯಿಂದ ತಲೆ ತಗ್ಗಿಸಿದಳು. ಹರ್ಜಿತೊ ಹಣೆ ಮುಟ್ಟಿಕೊಂಡರು.

"ಅಲ್ಲಿನ ನಲ್ಲಿ ಬಂದ್ ಮಾಡಿ ತೊಟ್ಟಿ ಖಾಲಿ ಮಾಡ್ಸಿದ್ದು ನಾನೇ. ಬೆಳಿಗ್ಗೆ. ಯಾರೂ ನಿನಗೆ ನೀರು ಎರಚದಿರ್ಲಿ ಅಂತ. ಮರೆತೇ ಹೋಗಿತ್ತು."

"ನೋಡಿದ್ರಾ!" ಎಂದ ಕಾಸಿರಾನ್, ಅರ್ಧ ಬಿಡುಗಡೆಯಾದವನಂತೆ.

ಆದರೆ ಹರ್ಜಿತೊ ಅವರ ಕಣ್ಣುಗಳು ನಿಧಾನವಾಗಿ ಅಗಲವಾಗತೊಡಗಿದವು. "ಇರು ಇರು. ಮೂರು ದಿನ ಸ್ನಾನ ಮಾಡ್ಲಿಲ್ಲ, ಮಳೆ ಬರ್ಲಿಲ್ಲ. ಆ ಕೋಣೆಗೆ ಹೋದೆ, ಆಗಲೂ ಸ್ನಾನ ಮಾಡ್ಲಿಲ್ಲ, ಮಳೆ ಬಂತು. ಹಾಗಾದ್ರೆ ಸ್ನಾನದಲ್ಲಿ ಏನೂ ಇಲ್ಲ. ನೀನು ಆ ಕೋಣೆಯೊಳಗೆ ಇರೋದ್ರಲ್ಲಿ ಶಕ್ತಿ ಇದೆ!"

ಕೇರಿ ಬೆರಗಿನಿಂದ ತಲೆಯಾಡಿಸಿತು. ಇಷ್ಟು ದಿನ ಯಾರಿಗೂ ಹೊಳೆಯದ ಸತ್ಯ.

"ಅಯ್ಯೋ ಪಾಕ್! ಹೋಗ್ಲಿ, ಈಗಲಾದ್ರೂ ಮೀಯಲಾ?"

"ಉಗುರೂ ತೊಳೀಬೇಡ! ಹೇಗಿದ್ದೆಯೋ ಹಾಗೇ ಬರ್ಬೇಕು."

"ಲೇಹ ಮಳೇಲಿ ತೊಳೆದು ಹೋಗಿದ್ರೆ ಹೊಸದು ಹಚ್ಚಿ ಕಳಿಸ್ತೀನಿ," ಎಂದಳು ತುಮಿನಿ, ದೇಶಕ್ಕಾಗಿ.

ಮರುದಿನ ಆಕಾಶ ತೊಳೆದಿಟ್ಟ ಬಟ್ಟಲಿನಂತಿತ್ತು. ಮೂರೂಕಾಲಿಗೆ ಹರ್ಜಿತೊ ಕಾಸಿರಾನನನ್ನು ಕೋಣೆಯೊಳಗೆ ಕರೆತಂದು, ತೊಟ್ಟಿಯ ಪಕ್ಕ ನಿನ್ನೆ ನಿಂತಿದ್ದ ಕಲ್ಲಿನ ಮೇಲೆಯೇ ನಿಲ್ಲಿಸಿ, ಕೈಗೆ ಚೊಂಬು ಕೊಟ್ಟರು.

"ಹುಡುಗರು ನಿನ್ನ ಮೇಲೆ ನಿಂತಿದ್ದಾರೆ ತಮ್ಮಾ."

"ಅವರಿಗೆ ಗೊತ್ತಾ, ಪಾಕ್?"

"ಗೊತ್ತಿಲ್ಲ. ಅದೇ ನಿನ್ನ ದೊಡ್ಡತನ."

ಅಷ್ಟರಲ್ಲಿ ಮೇಲೆ ರಾಷ್ಟ್ರಗೀತೆ ಎದ್ದಿತು. ಇಬ್ಬರೂ ನೆಟ್ಟಗೆ ನಿಂತರು. ಕಾಂಕ್ರೀಟನ್ನು ತೂರಿ ಬಂದ ಆ ಇಪ್ಪತ್ತು ಸಾವಿರ ದನಿಗಳ ಕೆಳಗೆ, ಎಲ್ಲೋ ಹನ್ನೊಂದು ಎಳೆಯ ದನಿಗಳಿದ್ದವು. ಕಾಸಿರಾನ್ ಕಣ್ಣು ಮುಚ್ಚಿ ಅವನ್ನು ಒಂದೊಂದಾಗಿ ಹೆಕ್ಕತೊಡಗಿದ. ಸುಮಾತ್ರದ್ದು ಸಿಕ್ಕಿತು. ಪಾಪುವಾದ್ದು ಸಿಕ್ಕಿತು. ಹಾಡು ಮುಗಿದಾಗ ಹರ್ಜಿತೊ ಕಣ್ಣೊರೆಸಿಕೊಂಡು, ಅವನ ಭುಜ ತಟ್ಟಿ, ಆಟ ನೋಡಲು ಅವಸರದಿಂದ ಹೊರನಡೆದರು. ಅವರ ಹಿಂದೆ ಬಾಗಿಲು ಮುಚ್ಚಿಕೊಂಡಿತು.