ಮುದ್ದೆ ಅಗಿದವನಿಗೆ ಹೆಣ್ಣು ಕೊಡದವನು

ನನ್ನ ತಮ್ಮನಷ್ಟು ಚೆನ್ನಾಗಿ ಮುದ್ದೆ ನುಂಗುವವರು ಮದ್ದೂರು ತಾಲ್ಲೂಕಿನಲ್ಲೇ ಇಲ್ಲ. ಹಾಗಂತ ಹೇಳಿದವರು ಯಾರು? ಅವನೇ! ಬೇರೆಯವರು ಹೇಳಲು ಅವನು ಬಾಯಿ ಮುಚ್ಚಿದರೆ ತಾನೇ.

ನಮ್ಮ ಕಡೆ ಮುದ್ದೆಯನ್ನು ಅಗಿಯುವುದಿಲ್ಲ. ಮುರಿದು, ಸಾರಿನಲ್ಲಿ ಹೊರಳಿಸಿ, ನುಂಗಬೇಕು. ನನ್ನ ತಮ್ಮನಿಗೆ ಅದು ಊಟವಲ್ಲ, ಮಾನ. ಅವನ ಮಗಳನ್ನು ನೋಡಲು ಒಂದು ಗಂಡು ಬಂದಿತ್ತು. ಓದಿದವನು, ಲಕ್ಷಣವಾಗಿದ್ದ. ಪಾಪ, ಎರಡನೇ ತುತ್ತು ಅಗಿದುಬಿಟ್ಟ. ಅವನು ಕೈ ತೊಳೆಯುವ ಹೊತ್ತಿಗೆ ಸಂಬಂಧ ಮುರಿದಿತ್ತು. "ಮುದ್ದೆ ಅಗಿಯೋನ್ಗೆ ಎಣ್ಣು ಕೊಡಕಾಯ್ತದಾ" ಅಂದ ನನ್ನ ತಮ್ಮ. ಜಾತಕ ಕೂಡಲಿಲ್ಲ ಅಂತ ಸುಳ್ಳು ಹೇಳಿ ಕಳಿಸುವ ಕೆಲಸ ನನ್ನ ಪಾಲಿಗೆ ಬಂತು.

ಅಂಥವನಿಗೆ ಎದೆಯ ರೋಗ ಹಿಡಿಯಿತು. ಆಲೆಮನೆಯಲ್ಲಿ ಬೆಲ್ಲದ ಕೊಪ್ಪರಿಗೆಯ ಒಲೆಗೆ ಒಣಗಿದ ಕಬ್ಬಿನ ಸಿಪ್ಪೆ ನೂಕುತ್ತಾ ಮೂವತ್ತು ವರ್ಷ ಹೊಗೆ ಕುಡಿದ. ಬಿಡುವಾದಾಗ ಸುಮ್ಮನೆ ಕೂರಬಾರದಲ್ಲ, ಬೀಡಿಯ ಹೊಗೆ! ಗಂಡ ತೀರಿದ ಮೇಲೆ ನಾನೂ ಅವನ ಮನೆಯಲ್ಲೇ ಇದ್ದೇನೆ, ಎಲ್ಲ ಕಣ್ಣಾರೆ ಕಂಡವಳು. ಒಂದು ದಿನ ತುತ್ತು ದಾರಿ ತಪ್ಪಿ, ಕೆಮ್ಮಿ ಕೆಮ್ಮಿ ಮುಖ ನೀಲಿಯಾಯಿತು. ಮಂಡ್ಯದ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದೆ.

ನುಂಗುವಾಗ ಉಸಿರು ಹಿಡಿಯಬೇಕಂತೆ. ಇವನಿಗೆ ಹಿಡಿಯಲು ಉಸಿರೇ ಇಲ್ಲವಂತೆ. ನೆಟ್ಟಗೆ ಕೂತು, ಸ್ವಲ್ಪ ಸ್ವಲ್ಪವೇ, ದಿನಕ್ಕೆ ಐದಾರು ಸಲ ತಿನ್ನಬೇಕು. ತಿನ್ನುವಾಗ ಮಾತಾಡಬಾರದು. ಇದು ನನಗೆ ಬಹಳ ಹಿಡಿಸಿತು! ಗಟ್ಟಿ ಮುದ್ದೆ ಬೇಡ, ಮೆತ್ತಗೆ ಮಾಡಿ, ಸಾರಿನಲ್ಲಿ ಕಿವುಚಿ, ಚಿಕ್ಕ ತುತ್ತು ಚೆನ್ನಾಗಿ ಅಗಿದು ನುಂಗಿ, ಉಸಿರು ಬಿಟ್ಟ ಮೇಲೆ ಇನ್ನೊಂದು ತುತ್ತು.

"ಅಗೀಬೇಕಾ?" ಅಂದ. ಎಕ್ಸ್‌ರೇ ತೋರಿಸಿದಾಗಲೂ ಅವನ ಮುಖ ಅಷ್ಟು ಬಾಡಿರಲಿಲ್ಲ.

ಮಾರನೇ ದಿನದಿಂದ ತಟ್ಟೆ ಹಿಡಿದು ಕೊಟ್ಟಿಗೆಗೆ ಹೋಗತೊಡಗಿದ. ಅಗಿಯುವುದನ್ನು ಯಾರೂ ನೋಡಬಾರದು. ಎಮ್ಮೆ ನೋಡಬಹುದೇ? ನೋಡಲಿ, ಅದೂ ಅಗಿಯುವ ಜಾತಿಯೇ. ತಟ್ಟೆ ಮಾತ್ರ ತೊಳೆದ ಹಾಗೆ ವಾಪಸು ಬರುತ್ತಿತ್ತು. ಸದ್ಯ, ತಿನ್ನುತ್ತಾನೆ ಅಂದುಕೊಂಡೆ. ತಿಂಗಳಾಗುವಷ್ಟರಲ್ಲಿ ಎಮ್ಮೆ ಮಿರಮಿರ ಮಿಂಚತೊಡಗಿತು, ಇವನ ಪಂಚೆ ಸೊಂಟದಲ್ಲಿ ನಿಲ್ಲದಾಯಿತು. ತೂಕ ನೋಡಿದ ಡಾಕ್ಟರಮ್ಮ, ಹೀಗೇ ಇಳಿದರೆ ಉಸಿರೆಳೆಯಲೂ ಶಕ್ತಿ ಉಳಿಯುವುದಿಲ್ಲ ಅಂದರು. ಊರಿಗೆ ಬಂದು ಕೊಟ್ಟಿಗೆಯ ಬಾಗಿಲ ಸಂದಿಯಲ್ಲಿ ಇಣುಕಿದೆ. ತಟ್ಟೆ ಎಮ್ಮೆಯ ಮುಂದಿತ್ತು.

ಬೈಯಲಿಲ್ಲ. ಬೈದು ಬೈದು ನನಗೂ ಸಾಕಾಗಿತ್ತು. ಮಾರನೇ ಮಧ್ಯಾಹ್ನ ನನ್ನ ತಟ್ಟೆಯನ್ನೂ ತೆಗೆದುಕೊಂಡು ಹೋಗಿ ಅವನಿಗೂ ಎಮ್ಮೆಗೂ ನಡುವೆ ಕೂತೆ. ಒಂದು ತುತ್ತು ಬಾಯಿಗಿಟ್ಟು ಅಗಿದೆ. ಎಪ್ಪತ್ತು ವರ್ಷದಲ್ಲಿ ಮೊದಲ ಸಲ. ಥೂ, ಅಂಗುಳಿಗೆಲ್ಲ ಅಂಟಿಕೊಂಡಿತು.

"ನೀನ್ಯಾಕಕ್ಕ ಅಗೀತಿದ್ದೀಯೆ?"

"ವಯಸ್ಸಾಯ್ತು ಕಣ್ಲಾ. ನಂಗೂ ಗಂಟ್ಲಲ್ಲಿ ಇಳೀತಿಲ್ಲ."

ಬೆಳಿಗ್ಗೆ ತಾನೇ ಒಲೆ ಮುಂದೆ ಕೂತು ನಾನು ಒಂದು ಇಡೀ ಮುದ್ದೆ ಅಗಿಯದೆ ನುಂಗಿದ್ದನ್ನು ಅವನು ನೋಡಿದ್ದ. ನನ್ನ ಮುಖವನ್ನೇ ನೋಡಿದ. "ನಾನ್ ಯಾರ್‌ಗೂ ಯೋಳಕಿಲ್ಲ ಬುಡು" ಅಂದು, ತಾನೂ ಒಂದು ತುತ್ತು ಬಾಯಿಗಿಟ್ಟ.

ಈಗ ದಿನಾ ಮೂವರೂ ಸಾಲಾಗಿ ಅಗಿಯುತ್ತೇವೆ. ಎಮ್ಮೆಗೆ ಹುಲ್ಲು ಮಾತ್ರ. ಅವನು ನುಂಗಿ, ತುಟಿ ಚೂಪು ಮಾಡಿ, ಮೆಲ್ಲಗೆ ಉಸಿರು ಬಿಡುತ್ತಾನೆ. ಅದು ಕೇಳಿಸುವವರೆಗೆ ನಾನು ನನ್ನ ಮುಂದಿನ ತುತ್ತು ಮುರಿಯುವುದಿಲ್ಲ.